ಮಂಗನ ಕಾಯಿಲೆಯೂ ಜೀವಕೋಶದ ಸಂದೇಶವೂ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಉಣುಗಿನ ಕಡಿತದಿಂದ ಹರಡುವ ವೈರಸ್ಸೇ ಇದಕ್ಕೆ ಕಾರಣವೆಂದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಕಂಡುಕೊಂಡರು. ಅದೇ 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ವೈರಸ್ಸನ್ನು ತಡೆಯುವ ಇಂಟರ್‌ಫೆರಾನನ್ನು ಬೆಳಕಿಗೆ ತಂದರು. ದೂರದ ಈ ಎರಡು ಸಂಗತಿಗಳಿಗೆ ಸಂಬಂಧವುಂಟೆಂಬುದನ್ನು ನಾವು ಮರೆಯಲಾಗದು.

ಸೋಂಕು ತಗುಲಿದ ಜೀವಕೋಶವು ಇಂಟರ್‌ಫೆರಾನನ್ನು ಹೊರಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ಕೋಶದೊಳಕ್ಕೆ ಸಾಗಿಸುವವು ಕೈನೇಸ್‌ಗಳು. ಒಂದು ಪ್ರೋಟೀನಿಗೆ ಫಾಸ್ಫೇಟನ್ನು ಜೋಡಿಸಿ ಅದರ ನಡೆಯನ್ನೇ ಬದಲಿಸುವ ಕಿಣ್ವಗಳಿವು. ನಮ್ಮ ದೇಹದಲ್ಲಿ 500ಕ್ಕೂ ಹೆಚ್ಚು ಬಗೆಯವು ಇವೆ. ಜಾಕ್ ಎಂಬ ಕೈನೇಸು ಸ್ಟಾಟ್ ಎಂಬ ಪ್ರೋಟೀನಿಗೆ ಫಾಸ್ಫೇಟನ್ನು ತೊಡಿಸುತ್ತದೆ. ಅದು ಕೋಶಕೇಂದ್ರವನ್ನು ಸೇರಿ ರಕ್ಷಣೆಯ ಜೀನುಗಳನ್ನು ಎಬ್ಬಿಸುತ್ತದೆ. ಪಿಕೆಆರ್ ಎಂಬ ಇನ್ನೊಂದು ಕೈನೇಸು ವೈರಸ್ಸಿನ ಜೋಡಿ ಎಳೆಯ ಆರ್‌ಎನ್‌ಎಯನ್ನು ಗುರುತಿಸಿ ಕೋಶದ ಪ್ರೋಟೀನು ತಯಾರಿಕೆಯನ್ನೇ ತಡೆಹಿಡಿಯುತ್ತದೆ. ಮನೆಗೆ ಕಳ್ಳ ಹೊಕ್ಕಾಗ ಒಲೆಯನ್ನೇ ಆರಿಸಿ ಅವನಿಗೂ ಕೂಳಿಲ್ಲದಂತೆ ಮಾಡುವ ಉಪಾಯವಿದು!

ಆದರೆ ವೈರಸ್ಸೂ ಜಾಣ. ಕ್ಯಾಸನೂರು ವೈರಸ್ಸಿನ ಕೆಲವು ಪ್ರೋಟೀನುಗಳು ಇಂಟರ್‌ಫೆರಾನಿನ ಸಂದೇಶವನ್ನು ಅಡಗಿಸಬಲ್ಲವೆಂದು 2012ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ.

ಕಾಡಿಗೆ ಸೌದೆಗೆಂದು ಹೋಗುವವನಿಗೆ ಇದರಿಂದೇನು ಫಲವೆಂದು ಕೆಲವರು ಕೇಳಬಹುದು. ಈ ರೋಗಕ್ಕೆ ನೇರವಾದ ಔಷಧವಿನ್ನೂ ಇಲ್ಲ. ದಶಕಗಳ ಕಾಲ ಕೊಟ್ಟ ಲಸಿಕೆಯೂ ಸಾಕಷ್ಟು ಗುಣಕಾರಿಯಲ್ಲವೆಂದು ಕಂಡುಬಂದು ನಿಂತುಹೋಗಿದೆ. ಇನ್ನೊಂದೆಡೆ, ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಹದ ತಪ್ಪಿದ ಕೈನೇಸನ್ನು ಅರಿತುದರಿಂದಲೇ 2001ರಲ್ಲಿ ಇಮ್ಯಾಟಿನಿಬ್ ಎಂಬ ಔಷಧವು ಬಳಕೆಗೆ ಬಂದಿತು. ಅಲ್ಲಿ ಕೈನೇಸನ್ನು ತಡೆಯಬೇಕಿತ್ತು. ಇಲ್ಲಿ ವೈರಸ್ಸು ಅಡಗಿಸುವ ಸಂದೇಶವನ್ನು ಉಳಿಸಬೇಕಾಗಿದೆ. ಆದುದರಿಂದ ಅಲ್ಲಿನ ಮದ್ದನ್ನು ಇಲ್ಲಿಗೆ ತಂದರೆ ಸಾಲದು. ಈ ರೋಗವನ್ನೇ ಅಭ್ಯಾಸಮಾಡಬೇಕು.

ಸತ್ತ ಮಂಗದ ಸುದ್ದಿಯನ್ನು ಕೂಡಲೆ ಆರೋಗ್ಯ ಇಲಾಖೆಗೆ ಮುಟ್ಟಿಸುವುದು, ಉಣುಗು ಕಚ್ಚದಂತೆ ಎಚ್ಚರ ವಹಿಸುವುದು ಇಂದಿನ ಕರ್ತವ್ಯ. ಕೋಶದ ಸಂದೇಶವನ್ನು ಓದುವುದು ನಾಳಿನದು. ಬಡವರ ರೋಗವೆಂದು ಸಂಶೋಧನೆ ಹಿಂದುಳಿಯುವುದು ನ್ಯಾಯವಲ್ಲ. ಸೊರಬ, ಶಿಕಾರಿಪುರಗಳ ಶಾಲೆ ಕಾಲೇಜುಗಳಲ್ಲಿ ಕಲಿಯುತ್ತಿರುವ ತರುಣ ತರುಣಿಯರೇ ಈ ಕೆಲಸಕ್ಕೆ ಮುಂದಾಗಲೆಂದು ನಾವು ಹಾರೈಸುತ್ತೇವೆ. ರೋಗಕ್ಕೆ ಹೆಸರು ಕೊಟ್ಟ ನೆಲವು ಮದ್ದಿಗೂ ದಾರಿ ತೋರಬಾರದೇಕೆ?