ಡಿಯಾಬಾ ಕೊನಾಟೆ: ಅಮೆರಿಕದಲ್ಲಿ ಅಂಗಳ, ತವರಲ್ಲಿ ಬೀಗ

ಬಾಸ್ಕೆಟ್‌ಬಾಲ್ ನಮ್ಮ ಮನೆಗಳಲ್ಲಿ ದಿನಾ ಮಾತಾಡುವ ಆಟವಲ್ಲ. ನಮ್ಮ ಹುಡುಗರಿಗೆ ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಹುಡುಗಿಯರಿಗೆ ಶಾಲೆಯಲ್ಲಿ ತ್ರೋಬಾಲ್. ಅದಕ್ಕೇ ಇರಬೇಕು, ಡಿಯಾಬಾ ಕೊನಾಟೆ ಎಂಬ ಹೆಸರು ನಮ್ಮ ಜಗಲಿಯ ಚರ್ಚೆಗೆ ಬರಲೇ ಇಲ್ಲ. ಆದರೆ ಈಕೆಯ ಕತೆಯನ್ನು ನಾವು ಒಮ್ಮೆ ಕೂತು ಕೇಳಬೇಕು. ಅದರಲ್ಲಿ ನಮ್ಮ ಮಕ್ಕಳ ಕತೆಯೂ ಸ್ವಲ್ಪ ಇದೆ.

ಕೊನಾಟೆ ಫ್ರಾನ್ಸಿನ ಹುಡುಗಿ. ಆಡುವುದು ಗಾರ್ಡ್ ಸ್ಥಾನದಲ್ಲಿ. ಐವರ ತಂಡದಲ್ಲಿ ಗಾರ್ಡ್ ಅಂದರೆ ಸಾಮಾನ್ಯವಾಗಿ ಉಳಿದವರಿಗಿಂತ ಗಿಡ್ಡ, ಆದರೆ ಚುರುಕು. ಚೆಂಡನ್ನು ಮುಂದಕ್ಕೆ ತರುವುದು, ಯಾರಿಗೆ ಪಾಸ್ ಕೊಡಬೇಕೆಂದು ಕ್ಷಣದಲ್ಲಿ ನಿರ್ಧರಿಸುವುದು, ಎದುರಾಳಿಯ ಕೈಯಿಂದ ಚೆಂಡು ಕಸಿಯುವುದು, ಇದೆಲ್ಲ ಗಾರ್ಡ್‌ನ ಕೆಲಸ. 2018ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಯೂತ್ ಒಲಿಂಪಿಕ್ಸ್‌ನಲ್ಲಿ, ತಂಡಕ್ಕೆ ಮೂವರಂತೆ ಆಡುವ ಬಾಸ್ಕೆಟ್‌ಬಾಲ್‌ನಲ್ಲಿ ಫ್ರಾನ್ಸಿನ ಹುಡುಗಿಯರು ಬೆಳ್ಳಿ ಗೆದ್ದರು. ಆ ತಂಡದಲ್ಲಿ ಈಕೆಯೂ ಇದ್ದಳು. ದೇಶದ ಅಂಗಿ ತೊಟ್ಟು ಪದಕ ತಂದವಳು ಎಂಬುದನ್ನು ನೆನಪಿಟ್ಟುಕೊಳ್ಳಿ.

ಅಲ್ಲಿಂದ ಅಮೆರಿಕಕ್ಕೆ. ಮೊದಲು ಐಡಾಹೊ ಸ್ಟೇಟ್ ವಿಶ್ವವಿದ್ಯಾನಿಲಯ, ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅರ್ವೈನ್ ಕ್ಯಾಂಪಸ್. ಅಲ್ಲಿ ಓದುತ್ತಿದ್ದಾಗಲೇ ಹಿಜಾಬ್ ಧರಿಸಿ ಆಡತೊಡಗಿದಳು. ಓದು ನಿಲ್ಲಲಿಲ್ಲ, ಆಟವೂ ನಿಲ್ಲಲಿಲ್ಲ. 2024ರ ಮಾರ್ಚ್‌ನಲ್ಲಿ ಅರ್ವೈನ್ ತಂಡ ತನ್ನ ವಲಯದ ಟೂರ್ನಿ ಗೆದ್ದು, 1995ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಕಾಲೇಜು ಟೂರ್ನಿಗೆ ಕಾಲಿಟ್ಟಿತು. ಮೊದಲ ಸುತ್ತಿನಲ್ಲೇ ಗೊಂಝಾಗ ತಂಡಕ್ಕೆ ಸೋತರು, ಅದು ಬೇರೆ ಮಾತು. ಸುಮಾರು ಮೂರು ದಶಕ ಮುಚ್ಚಿದ್ದ ಬಾಗಿಲು ತೆರೆದ ತಂಡದಲ್ಲಿ ಹಿಜಾಬ್ ತೊಟ್ಟ ಒಬ್ಬ ಗಾರ್ಡ್ ಇದ್ದಳು.

ಇನ್ನು ತವರಿನ ಕತೆ. 2022ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಬಾಸ್ಕೆಟ್‌ಬಾಲ್ ಫೆಡರೇಶನ್ ಒಂದು ನಿಯಮ ತಂದಿತು. ಧರ್ಮ ಅಥವಾ ರಾಜಕೀಯವನ್ನು ಸೂಚಿಸುವ ಯಾವುದನ್ನೂ ಧರಿಸಿ ಪಂದ್ಯ ಆಡುವಂತಿಲ್ಲ. ರಾಷ್ಟ್ರೀಯ ತಂಡಕ್ಕೆ ಮಾತ್ರ ಅಲ್ಲ, ಊರಿನ ಸಣ್ಣ ಕ್ಲಬ್‌ನ ಪಂದ್ಯಕ್ಕೂ ಇದೇ ನಿಯಮ. ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಜನರ ಎದುರು ಆಡಿದವಳು ತನ್ನ ದೇಶಕ್ಕೆ ಬಂದು ಪಂದ್ಯ ಆಡಬೇಕಾದರೆ ಹಿಜಾಬ್ ತೆಗೆಯಲೇಬೇಕು. ಇಲ್ಲದಿದ್ದರೆ ಗ್ಯಾಲರಿಯಲ್ಲಿ ಕೂತು ನೋಡಬೇಕು.

ಫ್ರಾನ್ಸಿನ ವಾದವನ್ನೂ ನ್ಯಾಯವಾಗಿ ಕೇಳಬೇಕು. 1905ರ ಕಾನೂನಿನಿಂದ ಅಲ್ಲಿ ಧರ್ಮ ಬೇರೆ, ಸರಕಾರ ಬೇರೆ. ಸರಕಾರದ ಕೆಲಸದಲ್ಲಿರುವವರು ಧರ್ಮದ ಗುರುತು ತೋರಿಸಬಾರದು ಎಂಬುದು ಅಲ್ಲಿನ ಹಳೆಯ ಪದ್ಧತಿ. 2004ರಲ್ಲಿ ಸರಕಾರಿ ಶಾಲೆಯ ಮಕ್ಕಳಿಗೂ ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನು ನಿಷೇಧಿಸಿದರು. ರಾಷ್ಟ್ರೀಯ ತಂಡದ ಆಟಗಾರ್ತಿ ದೇಶವನ್ನು ಪ್ರತಿನಿಧಿಸುತ್ತಾಳೆ, ಆದ್ದರಿಂದ ಆಕೆಯೂ ತಟಸ್ಥವಾಗಿರಬೇಕು ಎನ್ನುವುದು ಅವರ ತರ್ಕ. 2023ರ ಜೂನ್‌ನಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಫುಟ್‌ಬಾಲ್ ಫೆಡರೇಶನ್‌ನ ಇಂಥದ್ದೇ ನಿಷೇಧವನ್ನು ಎತ್ತಿಹಿಡಿಯಿತು. 2025ರ ಫೆಬ್ರವರಿಯಲ್ಲಿ ಎಲ್ಲ ಕ್ರೀಡಾ ಸ್ಪರ್ಧೆಗಳಿಗೂ ಇದನ್ನು ಕಾನೂನಾಗಿಸುವ ಮಸೂದೆಗೆ ಸೆನೆಟ್ ಒಪ್ಪಿಗೆ ಕೊಟ್ಟಿತು.

ಸರಿ, ದೇಶದ ಪರವಾಗಿ ಆಡುವವಳ ವಿಷಯದಲ್ಲಿ ಆ ವಾದ ಇರಲಿ. ರವಿವಾರ ಬೆಳಗ್ಗೆ ಊರಿನ ಕ್ಲಬ್‌ಗೆ ಆಡುವ ಹದಿನೈದರ ಹುಡುಗಿ ಯಾವ ಸರಕಾರದ ನೌಕರಳು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೇರೆ ದೇಶಗಳ ಮಹಿಳೆಯರು ಹಿಜಾಬ್ ತೊಟ್ಟು ಸ್ಪರ್ಧಿಸಿದರು. ಆತಿಥೇಯ ದೇಶದ ಹೆಣ್ಣುಮಕ್ಕಳಿಗೆ ಮಾತ್ರ ಅದು ಸಿಗಲಿಲ್ಲ. ಫ್ರಾನ್ಸಿನ ಓಟಗಾರ್ತಿ ಸುಂಕಾಂಬಾ ಸಿಲ್ಲಾ ಉದ್ಘಾಟನಾ ಸಮಾರಂಭಕ್ಕೆ ಕೊನೆಗೆ ಟೋಪಿ ಹಾಕಿಕೊಂಡು ಹೋಗಬೇಕಾಯಿತು.

ಇಲ್ಲಿ ಇನ್ನೊಬ್ಬಳು ಗಾರ್ಡ್‌ನ ನೆನಪಾಗುತ್ತದೆ. ಅಮೆರಿಕದ ಬಿಲ್ಖೀಸ್ ಅಬ್ದುಲ್ ಖಾದಿರ್. ಹೈಸ್ಕೂಲ್ ದಿನಗಳಲ್ಲೇ 3,070 ಅಂಕ ಗಳಿಸಿ ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆ ಬರೆದವಳು. ಮೆಂಫಿಸ್ ವಿಶ್ವವಿದ್ಯಾನಿಲಯದಲ್ಲಿ ಹಿಜಾಬ್ ತೊಟ್ಟು ಆಡಿದಳು. 2014ರಲ್ಲಿ ಕಾಲೇಜು ಮುಗಿಸಿ ವಿದೇಶದಲ್ಲಿ ವೃತ್ತಿಪರಳಾಗಿ ಆಡಬೇಕೆಂದು ಹೊರಟಾಗ ಅಂತರ್‌ರಾಷ್ಟ್ರೀಯ ಫೆಡರೇಶನ್ ಫಿಬಾದ ನಿಯಮ ಅಡ್ಡ ಬಂತು. ತಲೆಗೆ 5 ಸೆಂಟಿಮೀಟರ್‌ಗಿಂತ ಅಗಲದ ಪಟ್ಟಿ ಕಟ್ಟುವಂತಿಲ್ಲ, ಗಾಯವಾದೀತು ಎಂಬ ಕಾರಣ. ಆಕೆಯೂ ಇನ್ನೂ ಅನೇಕರೂ ದನಿಯೆತ್ತಿದರು. 2017ರ ಮೇ ತಿಂಗಳಲ್ಲಿ ಫಿಬಾ ನಿಯಮ ಬದಲಿಸಿತು, ಅಕ್ಟೋಬರ್‌ನಿಂದ ಅದು ಜಾರಿಗೆ ಬಂತು. ಆದರೆ ಅಷ್ಟರಲ್ಲಿ ಬಿಲ್ಖೀಸ್‌ಳ ಆಡುವ ವಯಸ್ಸಿನ ಮುಖ್ಯ ವರ್ಷಗಳು ಕಳೆದುಹೋಗಿದ್ದವು.

ಎರಡೂ ಪ್ರಕರಣಗಳ ನಡುವೆ ಒಂದು ವ್ಯತ್ಯಾಸವಿದೆ. ಫಿಬಾ ಹೇಳಿದ್ದು ಸುರಕ್ಷತೆಯ ಕಾರಣ. ಆದ್ದರಿಂದ ಬಿಗಿಯಾಗಿ ಕೂರುವ, ಪಿನ್ನು ಇಲ್ಲದ ಬಟ್ಟೆ ಬಂದಾಗ ದಾರಿ ತೆರೆಯಿತು. ಫ್ರಾನ್ಸಿನ ತಕರಾರು ಬಟ್ಟೆಯ ಬಗ್ಗೆ ಅಲ್ಲ, ಅದರ ಅರ್ಥದ ಬಗ್ಗೆ. ಅದಕ್ಕೆ ಯಾವ ಟೈಲರೂ ಪರಿಹಾರ ಹೊಲಿದು ಕೊಡಲಾರ. ಅದು ಮನಸ್ಸು ಬದಲಾಗುವವರೆಗೆ ಕಾಯಬೇಕಾದ ವಿಷಯ. ಕಾಯುವುದೇ ಇಲ್ಲಿ ದೊಡ್ಡ ನಷ್ಟ. ವಕೀಲರಿಗೆ ಐದು ವರ್ಷ ದೊಡ್ಡದಲ್ಲ. ಗಾರ್ಡ್ ಒಬ್ಬಳ ಕಾಲಿನ ವೇಗಕ್ಕೆ ಐದು ವರ್ಷ ಅಂದರೆ ಅರ್ಧ ಆಯಸ್ಸು.

ನಮ್ಮ ಊರಿಗೆ ಬರೋಣ. 2022ರಲ್ಲಿ ಉಡುಪಿಯಿಂದ ಶುರುವಾದದ್ದು ನಮಗೆ ಗೊತ್ತು. ಅದು ತರಗತಿಯ ಸಮವಸ್ತ್ರದ ಪ್ರಶ್ನೆ, ಕೊನಾಟೆಯದ್ದು ಆಟದಂಗಳದ ಪ್ರಶ್ನೆ. ಕಾನೂನಿನ ಲೆಕ್ಕದಲ್ಲಿ ಎರಡೂ ಒಂದೇ ಅಲ್ಲ. 2022ರ ಮಾರ್ಚ್ 15ರಂದು ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು, ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆದರೆ ನಷ್ಟದ ಲೆಕ್ಕದಲ್ಲಿ ಎರಡೂ ಒಂದೇ. ಟಿ.ಸಿ. ತೆಗೆದುಕೊಂಡು ಬೇರೆ ಕಾಲೇಜು ಹುಡುಕಿದವರು, ಓದನ್ನೇ ಬಿಟ್ಟವರು ನಮ್ಮ ನಡುವೆಯೇ ಇದ್ದಾರೆ. ಮುಂದೆ ಯಾವ ತೀರ್ಪು ಬಂದರೂ ಆ ಪಿಯುಸಿಯ ವರ್ಷ ಅವರಿಗೆ ಮರಳಿ ಸಿಗದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಹೊರಗಿನ ಬೀಗದ ಬಗ್ಗೆ ನಾವು ಸಭೆಗಳಲ್ಲಿ ಮಾತಾಡುತ್ತೇವೆ. ಮನೆಯೊಳಗಿನ ಬೀಗದ ಬಗ್ಗೆ? ಏಳನೇ ಕ್ಲಾಸಿನವರೆಗೆ ತ್ರೋಬಾಲ್ ತಂಡದಲ್ಲಿದ್ದ ಹುಡುಗಿ ಎಂಟನೇ ಕ್ಲಾಸಿಗೆ ಬಂದಾಗ "ಇನ್ನು ಸಾಕು, ಆಟ ಎಲ್ಲ ಯಾಕೆ?" ಎಂದು ಹೇಳಿದ್ದು ಯಾವ ಫೆಡರೇಶನ್? ನಾವೇ. ಅಣ್ಣನಿಗೆ ಗಲ್ಫಿನಿಂದ ಬರುವ ಸ್ಪೋರ್ಟ್ಸ್ ಶೂ ತಂಗಿಗೆ ಬರುವುದಿಲ್ಲ. ಹಿಜಾಬ್ ತೊಟ್ಟೇ ಆಡುತ್ತೇನೆ ಎಂದು ಮಗಳು ಹೇಳಿದರೂ ನಾವು ಒಪ್ಪುವುದಿಲ್ಲ. ಕೊನಾಟೆಗೆ ಫ್ರಾನ್ಸ್ ಹೇಳಿದ್ದು "ಹಿಜಾಬ್ ಬಿಡು, ಇಲ್ಲವೇ ಆಟ ಬಿಡು" ಎಂದು. ನಾವು ನಮ್ಮ ಮಗಳಿಗೆ ಆ ಆಯ್ಕೆಯನ್ನೂ ಕೊಡದೆ ನೇರ "ಆಟ ಬಿಡು" ಅನ್ನುತ್ತೇವೆ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಶಾಲೆಗೆ ಸೇರಿಸುವಾಗ ಫೀಸು, ಬಸ್ಸು ಕೇಳಿದ ಹಾಗೆ ಹುಡುಗಿಯರಿಗೆ ಆಟದ ಪೀರಿಯಡ್ ಇದೆಯಾ, ತುಂಬು ತೋಳಿನ ಅಂಗಿ, ತಲೆವಸ್ತ್ರ ಹಾಕಿ ಆಡಲು ಬಿಡುತ್ತಾರಾ ಎಂದೂ ಕೇಳೋಣ. ಪಿ.ಟಿ. ಮಾಸ್ಟ್ರು ಮಗಳಲ್ಲಿ ಪ್ರತಿಭೆ ಇದೆ ಎಂದರೆ ಅವರ ಮಾತಿಗೆ ಕಿವಿಗೊಡೋಣ. ಜಮಾಅತ್‌ಗಳು, ಸಂಘಟನೆಗಳು ಪುಸ್ತಕಕ್ಕೆ ಸಹಾಯ ಕೊಡುವ ಪಟ್ಟಿಯಲ್ಲಿ ಒಂದು ಜೋಡಿ ಶೂವನ್ನೂ ಸೇರಿಸಲಿ.

ಫ್ರಾನ್ಸಿನ ನಿಯಮ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ನಾಳೆ ಸಂಜೆ ಶಾಲೆ ಬಿಟ್ಟ ಮೇಲೆ ಮಗಳು "ಉಮ್ಮಾ, ಇವತ್ತು ಪ್ರಾಕ್ಟೀಸ್ ಇದೆ, ಒಂದು ಗಂಟೆ ತಡವಾಗುತ್ತದೆ" ಎಂದರೆ, ಅದಕ್ಕೆ ಕೊಡುವ ಉತ್ತರ ನಮ್ಮ ಕೈಯಲ್ಲೇ ಇದೆ.