ಕೆಸರಿನ ಟೈರು, ಊರಿನ ದಾರಿ

ಪುಣೆಯ ಸದಸ್ಯರೊಬ್ಬರು ನಮಗೊಂದು ದೀರ್ಘವಾದ ಪತ್ರವನ್ನು ಬರೆದು, ಈ ಅಂಕಣದಲ್ಲಿ ಅಡಿಗೆಮನೆಯ ಮಾತಾಯಿತು, ಬಾಡಿಗೆ ಮನೆಯ ಮಾತಾಯಿತು, ಇನ್ನು ಗಾಡಿಯ ಟೈರಿನ ವಿಷಯವಾಗಿಯೂ ನಾಲ್ಕು ಮಾತು ಏಕಾಗಬಾರದೆಂದು ಕೇಳಿದ್ದಾರೆ. ಅವರಲ್ಲಿರುವುದು ನಾಲ್ಕೂ ಗಾಲಿಗಳಿಗೆ ಚಾಲನೆ ಕೊಡಬಲ್ಲ ಪಿಕಪ್ ಗಾಡಿ. ಮುಂದೆ ಐದು ಜನ ಕೂಡುವ ಕೋಣೆ, ಹಿಂದೆ ತೆರೆದ ತೊಟ್ಟಿ. ವಾರದ ಆರು ದಿನ ಅದು ಕಚೇರಿಗೆ ಹೋಗಿಬರುತ್ತದೆ. ಚೌತಿಗೂ ದೀಪಾವಳಿಗೂ ಶಿರಸಿಯ ಹತ್ತಿರದ ತಮ್ಮ ಹಳ್ಳಿಗೆ ಸಂಸಾರವನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಹಳೆಯ ಟೈರು ಸವೆದಿವೆ. ಹಲ್ಲು ಹಲ್ಲಾಗಿರುವ ಮಡ್ ಟೈರನ್ನೇ ಹಾಕಿಸಬೇಕೆಂದು ಕಾಲೇಜಿಗೆ ಹೋಗುವ ಮಗನ ಹಟ. ಹಿಂದಿನ ಸೀಟಿನಲ್ಲಿ ಕೂಡುವ ಅಜ್ಜಿಗೆ ಅದರ ಗೌಜು ತಾಳುವುದಿಲ್ಲವೆಂದು ತಾಯಿಯ ಆಕ್ಷೇಪ. ತೀರ್ಪು ನಮಗೆ ಬಿಟ್ಟಿದ್ದಾರೆ! ನಾಲ್ಕು ಟೈರಿಗೆ ಕೊಡುವ ಹಣ ಸಣ್ಣದಲ್ಲ, ಅದರ ಮೇಲೆ ಕೂತಿರುವ ಜೀವಗಳಂತೂ ಇನ್ನೂ ದೊಡ್ಡವು. ಆದ್ದರಿಂದ ವಿಚಾರ ಮಾಡಿಯೇ ಹೇಳುತ್ತೇವೆ.

ಮೊದಲು ಮಡ್ ಟೈರೆಂದರೇನು ಎಂಬುದನ್ನು ನೋಡೋಣ. ಮಾಮೂಲು ರಸ್ತೆಯ ಟೈರಿನ ಮೈಮೇಲೆ ಸಣ್ಣ ಕಾಲುವೆಗಳೂ ಒತ್ತೊತ್ತಾದ ರಬ್ಬರಿನ ಪಟ್ಟಿಗಳೂ ಇರುತ್ತವೆ. ಅದು ಕೆಸರಿಗಿಳಿದೊಡನೆ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಆ ಕಾಲುವೆಗಳೆಲ್ಲ ಮಣ್ಣಿನಿಂದ ತುಂಬಿಹೋಗಿ, ಟೈರು ಎಣ್ಣೆ ಸವರಿದ ಒನಕೆಯಂತೆ ನುಣ್ಣಗಾಗುತ್ತದೆ. ಆಮೇಲೆ ಇಂಜಿನ್ನು ಎಷ್ಟು ಕೂಗಿದರೂ ಗಾಡಿ ನಿಂತಲ್ಲೇ ಹೊಂಡ ತೋಡುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಮಡ್ ಟೈರಿನಲ್ಲಿ ರಬ್ಬರಿನ ಗಟ್ಟಿಗಳು ದೊಡ್ಡವು, ಅವುಗಳ ನಡುವಿನ ಸಂದು ಅಗಲವಾದದ್ದು, ಆಳವಾದದ್ದು. ಗಾಲಿ ತಿರುಗುವ ರಭಸಕ್ಕೆ ಸಂದಿನೊಳಗಿನ ಮಣ್ಣು ತಾನಾಗಿ ಹೊರಗೆ ಸಿಡಿಯುತ್ತದೆ. ಮತ್ತೆ ಬರಿದಾದ ಹಲ್ಲು ಹೊಸ ಮಣ್ಣನ್ನು ಕಚ್ಚುತ್ತದೆ. ಅಂಚಿನ ಮೇಲೂ ಹಲ್ಲುಗಳಿರುವುದರಿಂದ ಗಾಡಿ ಚಾಕರಿಯಲ್ಲಿ ಹೂತಾಗ ಪಕ್ಕದ ಗೋಡೆಯನ್ನೂ ಹಿಡಿದು ಏರುತ್ತದೆ. ಈ ಗುಣವನ್ನು ಯಾರೂ ಅಲ್ಲಗಳೆಯುವಂತಿಲ್ಲ.

ನಮ್ಮ ವಾಚಕರಲ್ಲಿ ವಯಸ್ಸಾದವರು ಹಳೆಯ ಜೀಪಿನ ಟೈರನ್ನು ನೆನೆಯಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಜೀಪು ಹಲ್ಲಿನ ಟೈರಿನ ಮೇಲೆ ಓಡಿತು; 1947ರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಅದೇ ಜೀಪನ್ನು ಜೋಡಿಸತೊಡಗಿದ ಮೇಲೆ ಕೊಡಗು, ಚಿಕ್ಕಮಗಳೂರು, ಶಿರಸಿಯ ಕಡೆಯ ತೋಟದ ದಾರಿಗಳಲ್ಲೆಲ್ಲ ಆ ಹಲ್ಲಿನ ಗುರುತು ಮೂಡಿತು. ಆದರೆ ಒಂದು ಮಾತು ಮರೆಯಬಾರದು. ಆ ಜೀಪುಗಳು ಅಂಥ ದಾರಿಗಳಲ್ಲಿ ನಿಧಾನವಾಗಿಯೇ ಓಡುತ್ತಿದ್ದವು. ಇಂದಿನ ಗಾಡಿ ಹೆದ್ದಾರಿಯಲ್ಲಿ ನೂರರ ಮೇಲೆ ಹೋಗುತ್ತದೆ. ಅಲ್ಲಿಯೇ ತೊಡಕು ಹುಟ್ಟುವುದು.

ಟಾರು ರಸ್ತೆಯ ಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ನೆಲಕ್ಕೆ ತಗಲುವ ರಬ್ಬರು. ಸಂದು ಹೆಚ್ಚಾದಷ್ಟೂ ತಗಲುವ ರಬ್ಬರು ಕಡಿಮೆ. ಎತ್ತರದ ಗಟ್ಟಿಗಳು ಬ್ರೇಕು ಹಾಕಿದಾಗ ಬಾಗುತ್ತವೆ, ತಿರುವಿನಲ್ಲಿ ಓಲಾಡುತ್ತವೆ. ನಿಂತ ನೀರಿನಲ್ಲಿ ಅಗಲವಾದ ಸಂದು ನೀರನ್ನು ಹೊರಗೆ ದೂಡುತ್ತದೆಂಬುದು ನಿಜ. ಆದರೆ ಮಳೆ ಹನಿದು ಮೇಲುಮೇಲೆ ಒದ್ದೆಯಾದ ರಸ್ತೆಯಲ್ಲಿ ಬೇಕಾಗುವುದು ಬೇರೆ ವಸ್ತು. ರಬ್ಬರಿನ ಗಟ್ಟಿಯ ಮೇಲೆ ಬ್ಲೇಡಿನಿಂದ ಗೀರಿದಂತೆ ಕಾಣುವ ಸಣ್ಣ ಸೀಳುಗಳು ನೀರಿನ ತೆಳುಪೊರೆಯನ್ನು ಹರಿದು ರಬ್ಬರು ರಸ್ತೆಯನ್ನು ಮುಟ್ಟುವಂತೆ ಮಾಡುತ್ತವೆ. ಮಡ್ ಟೈರಿನಲ್ಲಿ ಈ ಸೀಳುಗಳು ಅಪರೂಪ. ಹಾಗಾಗಿ ಒದ್ದೆ ಟಾರಿನ ಮೇಲೆ ಬ್ರೇಕು ಹಾಕಿದರೆ ಒಳ್ಳೆಯ ರಸ್ತೆ ಟೈರಿಗಿಂತ ಗಾಡಿ ಮುಂದೆ ಹೋಗಿ ನಿಲ್ಲುತ್ತದೆ. ಪಿಕಪ್ಪಿಗೆ ಇನ್ನೊಂದು ದೋಷವೂ ಉಂಟು: ತೊಟ್ಟಿ ಬರಿದಾಗಿದ್ದಾಗ ಹಿಂಭಾಗ ಹಗುರ, ಮಾಮೂಲಾಗಿ ಚಾಲನೆ ಸಿಗುವುದೂ ಹಿಂದಿನ ಗಾಲಿಗಳಿಗೇ. ಖಂಬಾಟಕಿ ಘಾಟಿನ ತಿರುವಿನಲ್ಲಿ ಮೊದಲ ಮಳೆ ಬಿದ್ದು, ರಸ್ತೆಯ ಎಣ್ಣೆಯೂ ನೀರೂ ಬೆರೆತ ಹೊತ್ತಿನಲ್ಲಿ ಆ ಹಗುರವಾದ ಹಿಂಭಾಗ ಮಡ್ ಟೈರಿನ ಮೇಲೆ ಜಾರಿದರೆ ಪರಿಣಾಮವೇನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಗೌಜಿನ ವಿಷಯದಲ್ಲಿ ತಾಯಿಯವರ ಆಕ್ಷೇಪವೂ ಸರಿಯೇ. ಗಟ್ಟಿಗಳು ಒಂದೊಂದಾಗಿ ನೆಲವನ್ನು ಬಡಿಯುವ ಸದ್ದು, ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ ಒತ್ತಿ ಹೊರಬರುವ ಸದ್ದು ಎರಡೂ ಸೇರಿ ಎಂಬತ್ತರ ವೇಗದಲ್ಲಿ ಹಿಟ್ಟಿನ ಗಿರಣಿಯಲ್ಲಿ ಕೂತಂತಾಗುತ್ತದೆ. ಹೊಸತರಲ್ಲಿ ಇಷ್ಟಿದ್ದರೆ, ಗಟ್ಟಿಗಳು ಒಂದು ಕಡೆಗೆ ಓರೆಯಾಗಿ ಸವೆದ ಮೇಲೆ ಇನ್ನೂ ಹೆಚ್ಚು. ಟೈರಿನ ತೂಕವೂ ಜಾಸ್ತಿಯಾದ್ದರಿಂದ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆಯುವುದೂ ಬೇಗ.

ಇನ್ನು ಲೆಕ್ಕ. ದಿನಕ್ಕೆ ಕಚೇರಿಗೆ ಹೋಗಿಬರಲು 30 ಕಿಲೋಮೀಟರು ಎಂದು ಅವರೇ ಬರೆದಿದ್ದಾರೆ. ವರ್ಷಕ್ಕೆ 300 ದಿನ ಹಿಡಿದರೆ 9000. ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿಯ ಮೇಲೆ ಊರಿಗೆ ಒಂದು ಸಲಕ್ಕೆ ಐನೂರಕ್ಕೂ ಮಿಕ್ಕು. ಎರಡು ಸಲ ಹೋಗಿಬಂದರೆ ಎರಡು ಸಾವಿರಕ್ಕಿಂತ ಹೆಚ್ಚು. ಒಟ್ಟು ಹನ್ನೊಂದು ಸಾವಿರ. ಇದರಲ್ಲಿ ಕೆಸರೆಷ್ಟು? ಡಾಂಬರು ಮುಗಿದು ಮನೆಯ ಅಂಗಳ ಸೇರುವವರೆಗಿನ 3 ಕಿಲೋಮೀಟರು! ದೀಪಾವಳಿಯ ಹೊತ್ತಿಗೆ ಆ ದಾರಿ ಬಹುಮಟ್ಟಿಗೆ ಒಣಗಿರುತ್ತದೆ. ನಿಜವಾದ ಕೆಸರು ಚೌತಿಗೆ ಮಾತ್ರ. ಹಬ್ಬದ ನಾಲ್ಕು ದಿನ ಪೇಟೆಗೂ ನೆಂಟರ ಮನೆಗೂ ಓಡಾಡಿದ್ದನ್ನು ಸೇರಿಸಿದರೂ ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ಮೀರದು. ಮೂವತ್ತು ಕಿಲೋಮೀಟರಿನ ಸುಖಕ್ಕೆ ಹನ್ನೊಂದು ಸಾವಿರ ಕಿಲೋಮೀಟರು ಬ್ರೇಕನ್ನು ದುರ್ಬಲ ಮಾಡಿಕೊಳ್ಳುವುದು ಜಾಣತನವಲ್ಲವೆಂದೇ ನಮ್ಮ ಅಭಿಪ್ರಾಯ.

ಹಾಗೆಂದು ಎಲ್ಲರ ಊರಿನ ಕೆಸರೂ ಒಂದೇ ಅಲ್ಲ. ಮಲೆನಾಡಿನ ಕೆಂಪು ಮಣ್ಣಿನ ದಾರಿಯಲ್ಲಿ ಮೇಲೆ ಲೋಳೆಯಂತೆ ಜಾರಿದರೂ ಸಾಮಾನ್ಯವಾಗಿ ಕೆಳಗೆ ಜಂಬಿಟ್ಟಿಗೆಯ ಗಟ್ಟಿ ನೆಲ ಸಿಗುತ್ತದೆ. ಹಲ್ಲು ಮೇಲಿನ ಲೋಳೆಯನ್ನು ಕತ್ತರಿಸಿ ತಳವನ್ನು ಮುಟ್ಟಿದರೆ ಸಾಕು, ಗಾಡಿ ಏರುತ್ತದೆ. ಧಾರವಾಡದ ಬಯಲುಸೀಮೆ, ವಿಜಯಪುರ, ಕಲಬುರ್ಗಿಯ ಎರೆಮಣ್ಣಿನ ಕಥೆ ಬೇರೆ. ಅದು ನೀರು ಕುಡಿದು ಉಬ್ಬುವ ಜೇಡಿ. ಮಳೆ ಬಿದ್ದ ಮಾರನೆಯ ದಿನ ಹೊಲದ ಬದುವಿನಲ್ಲಿ ನಡೆದವರಿಗೆ ಚಪ್ಪಲಿ ಎಷ್ಟು ಸೇರು ತೂಗುತ್ತದೆಂಬುದು ಗೊತ್ತು. ಎರೆಮಣ್ಣು ಮಡ್ ಟೈರಿನ ಸಂದನ್ನೂ ಮೆತ್ತಿಬಿಡುತ್ತದೆ. ಎಷ್ಟು ವೇಗವಾಗಿ ತಿರುಗಿಸಿದರೂ ಸುಲಭಕ್ಕೆ ಸಿಡಿಯದು. ಅಲ್ಲಿ ಒಂದು ದಿನ ಬಿಸಿಲು ಬೀಳುವವರೆಗೆ ಕಾಯುವವನೇ ಬುದ್ಧಿವಂತನೆಂದು ರೈತರಿಗೆ ಯಾವ ಟೈರಿನ ಕಂಪನಿಯೂ ಕಲಿಸಬೇಕಾಗಿಲ್ಲ. ಕರಾವಳಿಯ ಮರಳಿನಲ್ಲಿ ಹಲ್ಲಿನ ಟೈರು ಉಪಕಾರಕ್ಕಿಂತ ಅಪಕಾರವನ್ನೇ ಮಾಡುವುದುಂಟು: ಅದು ಮರಳನ್ನು ಅಗೆದು ತಾನೇ ಇಳಿಯುತ್ತದೆ. ಮರಳಿಗೆ ಬೇಕಾದದ್ದು ಗಾಳಿ ಇಳಿಸಿದ ಅಗಲವಾದ ಹೆಜ್ಜೆ. ದಿಲ್ಲಿಯ ನಮ್ಮ ಮಿತ್ರರು ಚಳಿಗಾಲದಲ್ಲಿ ಹಿಮಾಚಲದ ಕಡೆ ಹೋಗುವವರು, ಗಟ್ಟಿಕಟ್ಟಿದ ಮಂಜಿನ ಮೇಲೂ ಮಡ್ ಟೈರನ್ನು ನಂಬದಿರುವುದು ಲೇಸು. ಸೀಳುಗಳಿಲ್ಲದ ದೊಡ್ಡ ಗಟ್ಟಿ ಅಲ್ಲಿ ಜಾರುಬಂಡೆಯೇ ಸರಿ.

ಆದ್ದರಿಂದ ಪುಣೆಯ ಸಂಸಾರಕ್ಕೆ ನಾವು ಹೇಳುವುದು ಆಲ್ ಟೆರೇನ್ ಎಂಬ ನಡುವಣ ಜಾತಿಯನ್ನು. ಇದರ ಹಲ್ಲು ರಸ್ತೆ ಟೈರಿಗಿಂತ ಒರಟು, ಮಡ್ ಟೈರಿಗಿಂತ ಒತ್ತಾದದ್ದು, ಮೇಲೆ ಸೀಳುಗಳೂ ಇರುತ್ತವೆ. ಈ ಜಾತಿಯೊಳಗೂ ಒಳಭೇದಗಳುಂಟು. ಅಂಗಡಿಯಲ್ಲಿ ಹೆಸರನ್ನು ನೋಡದೆ ಮೈಯನ್ನು ಕೈಯಾಡಿಸಿ ನೋಡಬೇಕು. ಗಟ್ಟಿಗಳ ಮೇಲೆ ಸೀಳು ಆಳವಾಗಿವೆಯೇ, ಅರ್ಧ ಸವೆದ ಮೇಲೂ ಉಳಿಯುವಂತಿವೆಯೇ, ನಡುಭಾಗದಲ್ಲಿ ರಬ್ಬರು ಒತ್ತಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಇಂಥ ಟೈರು ಮಲೆನಾಡಿನ ಕೆಂಪು ಕೆಸರಿನಲ್ಲಿ, ನಾಲ್ಕೂ ಗಾಲಿಗಳ ಚಾಲನೆ ಹಾಕಿ ನಿಧಾನವಾಗಿ ಒಂದೇ ಹದದಲ್ಲಿ ಹೋದರೆ, ಬಹುತೇಕ ಅಂಗಳವನ್ನು ಮುಟ್ಟಿಸುತ್ತದೆ. ಒಂದು ವೇಳೆ ಮುಟ್ಟಿಸದಿದ್ದರೆ ಗಾಡಿಯನ್ನು ಡಾಂಬರಿನ ಮೇಲೆ ನಿಲ್ಲಿಸಿ, ಗಣಪತಿಯನ್ನು ತಲೆಯ ಮೇಲಿಟ್ಟುಕೊಂಡು ನಡೆದು ಹೋಗುವುದು ನಮ್ಮ ಹಿರಿಯರಿಗೇನೂ ಅಪರಿಚಿತವಾಗಿರಲಿಲ್ಲ.

ಮಡ್ ಟೈರು ಯಾರಿಗೆ ಬೇಕು? ವಾರಕ್ಕೆ ಮೂರು ನಾಲ್ಕು ದಿನ ತೋಟದೊಳಗೇ ಓಡಾಡುವವರಿಗೆ, ಮಳೆಗಾಲದಲ್ಲಿ ಗೊಬ್ಬರ ಸಾಗಿಸುವವರಿಗೆ ಅದು ಚೈನಿಯಲ್ಲ, ಅಗತ್ಯ. ಎರಡು ಜೊತೆ ಗಾಲಿಗಳನ್ನಿಟ್ಟುಕೊಂಡು ಮಳೆಗಾಲಕ್ಕೊಂದು, ಉಳಿದ ಕಾಲಕ್ಕೊಂದು ಹಾಕುವುದೂ ಒಂದು ಉಪಾಯವೇ. ಆದರೆ ಅಕ್ಕಿಯ ಡಬ್ಬವಿಡಲು ಜಾಗ ಹುಡುಕುವ ನಮ್ಮ ಮುಂಬಯಿ ಪುಣೆಗಳ ಮನೆಗಳಲ್ಲಿ ನಾಲ್ಕು ಗಾಲಿಗಳನ್ನು ಎಲ್ಲಿಡುವುದು?

ಅಳತೆಯ ವಿಷಯದಲ್ಲಿ ಹುಡುಗರು ಬಹಳ ಉತ್ಸಾಹ ತೋರುತ್ತಾರೆ. ಗಾಡಿಯ ಟೈರು 255/60 ಆರ್ 18 ಎಂದು ಇಟ್ಟುಕೊಳ್ಳೋಣ. ಅಂದರೆ ಅಗಲ 255 ಮಿಲಿಮೀಟರು, ಪಕ್ಕದ ಎತ್ತರ ಆ ಅಗಲದ ಶೇಕಡಾ 60, ಒಳಗಿನ ರಿಮ್ಮು 18 ಅಂಗುಲ. ಒಟ್ಟು ವ್ಯಾಸ ಸುಮಾರು 763 ಮಿಲಿಮೀಟರು. ಅದರ ಬದಲು 265/65 ಹಾಕಿಸಿದರೆ ವ್ಯಾಸ 802ಕ್ಕೆ ಏರುತ್ತದೆ, ಎಂದರೆ ನೂರಕ್ಕೆ ಐದರಷ್ಟು ಹೆಚ್ಚು. ಹಳೆಯ ಟೈರಿನಲ್ಲಿ ನೂರರ ವೇಗಕ್ಕೆ ಮುಳ್ಳು ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಯೇ ನಿಂತಿದ್ದರೂ ಗಾಡಿ ಈಗ ನೂರೈದರಲ್ಲಿ ಹೋಗುತ್ತಿರುತ್ತದೆ. ಇಂಜಿನ್ನಿನ ಎಳೆತ ಕುಗ್ಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ, ತಿರುವಿನಲ್ಲಿ ಮಡ್ಗಾರ್ಡಿಗೆ ಉಜ್ಜಬಹುದು. ಗಾಡಿಯನ್ನು ತಯಾರಕರು ಗೊತ್ತುಮಾಡಿದ ಸ್ವರೂಪದಿಂದ ಬದಲಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ವಿಮೆಯವರೊಡನೆ ವಾದಿಸುವ ಪ್ರಸಂಗ ತಂದುಕೊಳ್ಳದೆ, ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಅಳತೆಯಲ್ಲೇ ಕೊಳ್ಳಿರಿ.

ಕೊಳ್ಳುವಾಗ ಟೈರಿನ ಪಕ್ಕದ ಅಕ್ಷರಗಳನ್ನು ಓದಬೇಕು. ಅಳತೆಯ ಮುಂದೆ 112 ಎಂದಿದ್ದರೆ ಆ ಟೈರೊಂದು ಹೊರಬಲ್ಲ ಭಾರ 1120 ಕಿಲೋಗ್ರಾಮು. ಅದರ ಪಕ್ಕದ ಕ್ಯೂ ಅಕ್ಷರ ಗಂಟೆಗೆ 160, ಎಸ್ ಅಕ್ಷರ 180 ಕಿಲೋಮೀಟರಿನ ಮಿತಿಯನ್ನು ಸೂಚಿಸುತ್ತದೆ. ಭಾರದ ಸಂಖ್ಯೆ ಹಳೆಯ ಟೈರಿನದಕ್ಕಿಂತ ಕಡಿಮೆಯಿರಕೂಡದು. ಇನ್ನೊಂದು ಕಡೆ ಉದ್ದನೆಯ ಗುರುತಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. 2324 ಎಂದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಒರಟು ಟೈರುಗಳ ಮಾರಾಟ ಕಡಿಮೆಯಾದ್ದರಿಂದ ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಕೂತಿರುವ ಸಂಭವವುಂಟು. ರಬ್ಬರು ಕೂತಲ್ಲೇ ಗಟ್ಟಿಯಾಗುತ್ತದೆ. ರಿಯಾಯಿತಿಯ ಆಸೆಗೆ ಹಳೆಯ ಸರಕನ್ನು ತರಬೇಡಿರಿ. ಸವೆತಕ್ಕೆ ಕಾಯಿದೆ ವಿಧಿಸಿದ ಕೊನೆಯ ಮಿತಿ 1.6 ಮಿಲಿಮೀಟರು, ಕೆಸರಿನ ಕೆಲಸಕ್ಕಾದರೆ ಟೈರು ಅದಕ್ಕಿಂತ ಬಹಳ ಮೊದಲೇ ನಿರುಪಯೋಗಿ.

ಊರಿನ ಕೆಸರಿಗಿಳಿಯುವ ಮುನ್ನ ಗಾಳಿಯನ್ನು ಸ್ವಲ್ಪ ಇಳಿಸುವ ಉಪಾಯವನ್ನು ಮಗನಿಗೆ ಕಲಿಸಿರಿ. ಮೂವತ್ತೆರಡರಲ್ಲಿದ್ದದ್ದನ್ನು ಇಪ್ಪತ್ತೆರಡಕ್ಕೆ ತಂದರೆ ಟೈರಿನ ಹೆಜ್ಜೆ ಉದ್ದವಾಗಿ ಹಿಡಿತ ಹೆಚ್ಚುತ್ತದೆ. ಆದರೆ ಅದೇ ಗಾಳಿಯಲ್ಲಿ ಹೆದ್ದಾರಿಗೆ ಬಂದರೆ ಪಕ್ಕದ ಗೋಡೆ ಬಾಗಿ ಬಾಗಿ ಬಿಸಿಯೇರಿ ಟೈರು ಒಡೆಯಬಹುದು. ಸಿಗರೇಟು ಲೈಟರಿನ ತೂತಿಗೆ ಸಿಕ್ಕಿಸುವ ಪುಟ್ಟ ಪಂಪೊಂದನ್ನು ಸೀಟಿನಡಿ ಇಟ್ಟುಕೊಂಡು, ಡಾಂಬರು ಮುಟ್ಟಿದೊಡನೆ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಗಾಳಿ ತುಂಬಿಕೊಳ್ಳಬೇಕು.

ಹಣ ಉಳಿಸಲೆಂದು ಹಿಂದೆ ಎರಡು ಒರಟು ಟೈರು, ಮುಂದೆ ಎರಡು ಹಳೆಯವು ಎಂಬ ಏರ್ಪಾಡು ಬೇಡ. ಈ ಪಿಕಪ್ಪುಗಳಲ್ಲಿ ನಾಲ್ಕೂ ಗಾಲಿಗಳ ಚಾಲನೆ ಹಾಕಿದಾಗ ಸಾಮಾನ್ಯವಾಗಿ ಮುಂದಿನವೂ ಹಿಂದಿನವೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ವ್ಯಾಸ ಬೇರೆಯಾದರೆ ಹಲ್ಲುಚಕ್ರಗಳು ಒಂದನ್ನೊಂದು ಜಗ್ಗಾಡುತ್ತವೆ. ಆ ಚಾಲನೆಯನ್ನು ಒಣ ಟಾರಿನ ಮೇಲೆ ಹಾಕಲೂಬಾರದು. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳನ್ನು ಹಿಂದೆ ಮುಂದೆ ಬದಲಿಸಿರಿ. ತೊಟ್ಟಿಯ ಅಡಿಯಲ್ಲಿ ತೂಗಾಡುವ ಐದನೆಯದನ್ನೂ ಅದೇ ಅಳತೆಯದಾಗಿ ತಂದು, ಅದನ್ನು ಕೆಳಗಿಳಿಸುವ ಸರಪಳಿ ಕೆಸರು ಹಿಡಿದು ತುಕ್ಕುಗಟ್ಟಿದೆಯೋ ಎಂಬುದನ್ನು ಚೌತಿಗೆ ಹೊರಡುವ ಹಿಂದಿನ ಭಾನುವಾರವೇ, ಮನೆಯ ಮುಂದೆಯೇ, ಬಿಚ್ಚಿ ನೋಡಿಬಿಡಿರಿ.