ಅವಸರದ ಬೇಡಿಕೆಯೂ ನಮ್ಮ ಸಸಿಮಡಿಯೂ

ರೋಹಿಣಿ ಮಳೆ ಒಂದೆರಡು ಬಾರಿ ಬಿದ್ದೊಡನೆ ಸಂಘದ ಕಛೇರಿಯಲ್ಲಿ ಕೇಳಿಬರುವ ಮಾತು ಒಂದೇ: “ಗಿಡ ಎಷ್ಟಿವೆ? ಈ ವಾರವೇ ಬೇಕಿತ್ತು.” 2024ರಲ್ಲಿ ರೊಬಸ್ಟಾ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೇರಿದ ಮೇಲೆ ಈ ಮಾತು ಹೆಚ್ಚಿದೆ. ಕಳಸ, ಹೊರನಾಡು ಕಡೆ ಎಲೆಚುಕ್ಕಿ ರೋಗದಿಂದ ಅಡಿಕೆ ತೋಟ ಸೊರಗಿದವರು ಕಾಫಿಯತ್ತ ನೋಡುವುದೂ ಸಹಜವೇ. ಇನ್ನೂರು ಮುನ್ನೂರು ಗಿಡ ಕೇಳುವವರ ನಡುವೆ ಒಮ್ಮೆಲೇ ಹತ್ತು ಸಾವಿರ ಕೇಳುವವರೂ ಬರುತ್ತಾರೆ. ಹಣವನ್ನೂ ಲಾರಿಯನ್ನೂ ಜೊತೆಗೇ ತರುತ್ತಾರೆ. ಸಹಕಾರಿ ನರ್ಸರಿ ಇವರಿಗೆ ಏನು ಹೇಳಬೇಕು?

ನಮ್ಮ ಅಭಿಪ್ರಾಯ ಸ್ಪಷ್ಟ. ಮುಂಗಡ ಕೊಟ್ಟ ಸಣ್ಣ ಬೆಳೆಗಾರನ ಗಿಡ ಮುಟ್ಟಿ ದೊಡ್ಡ ಬೇಡಿಕೆ ಪೂರೈಸಕೂಡದು. ಮೂಲ ತಿಳಿಯದ ಗಿಡ ತಂದು ಲೆಕ್ಕ ತುಂಬಿಸಲೂ ಕೂಡದು.

ಹೀಗೆನ್ನಲು ನಮ್ಮದೇ ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಬೇಡಿಕೆಗೆ ಒಪ್ಪಿ, ಕಾದಿರಿಸಿದ ಗಿಡಗಳನ್ನೂ ಲಾರಿಗೆ ಹೇರಿಸಿದೆವು. ಕೊರತೆಗೆ ಬೇರೊಂದು ನರ್ಸರಿಯ ಗಿಡ ತರಿಸಿದೆವು. ಮುನ್ನೂರು ಗಿಡಕ್ಕೆ ಮುಂಗಡ ಕೊಟ್ಟಿದ್ದ ಸದಸ್ಯರೊಬ್ಬರಿಗೆ ಸಿಕ್ಕಿದ್ದು ಅವೇ. ಮೂರನೆಯ ಬೇಸಿಗೆಯಲ್ಲಿ ಅರ್ಧಕ್ಕರ್ಧ ಗಿಡ ಹಳದಿಗಟ್ಟಿದವು. ಕಿತ್ತು ನೋಡಿದರೆ ತಾಯಿಬೇರು ಕೊಕ್ಕೆಯಂತೆ ಮಡಿಚಿತ್ತು. “ಗಿಡದ ದುಡ್ಡು ಬಿಡಿ ಸ್ವಾಮಿ, ಮೂರು ವರ್ಷ ಯಾರು ಕೊಡುತ್ತಾರೆ?” ಎಂದರು ಅವರು. ನಮ್ಮಲ್ಲಿ ಉತ್ತರವಿರಲಿಲ್ಲ.

ನರ್ಸರಿಯ ಕೆಲಸ ಅವಸರಕ್ಕೆ ಬಗ್ಗುವಂಥದಲ್ಲ. ಕಾಫಿ ಬೀಜ ಮೊಳೆಯಲು ಸುಮಾರು 45 ದಿನ ಬೇಕು. ಟೊಪ್ಪಿ ಹಂತದಲ್ಲಿ ಕಿತ್ತು ತೊಟ್ಟೆಗೆ ಕೂರಿಸುವಾಗ ತಾಯಿಬೇರು ಮಡಿಚಿದರೆ ಆ ದೋಷ ಗಿಡವನ್ನು ಬಿಡದು. ಕಾಡುಮಣ್ಣು 6, ಕಳಿತ ಕೊಟ್ಟಿಗೆ ಗೊಬ್ಬರ 2, ಮರಳು 1 ಪಾಲು ಬೆರೆಸಿ ತೊಟ್ಟೆ ತುಂಬಲು ಆಳುಗಳನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಯೂರಿಯಾ ಕೊಟ್ಟು ಗಿಡವನ್ನು ಎತ್ತರ ಮಾಡಬಹುದು, ಬೇರನ್ನು ಬಲಪಡಿಸಲಾಗದು. ಚಪ್ಪರದ ನೆರಳನ್ನು ಹಂತಹಂತವಾಗಿ ಕಡಿಮೆ ಮಾಡದೆ ಒಯ್ದ ಗಿಡ ತೋಟದ ಬಿಸಿಲಿಗೆ ತಡೆಯದು. ರೊಬಸ್ಟಾ ಅನ್ಯ ಗಿಡದ ಪರಾಗದಿಂದ ಕಾಯಿ ಕಟ್ಟುವ ಜಾತಿಯಾದ್ದರಿಂದ, ಬೀಜ ಎಲ್ಲಿಯದೆಂದು ತಿಳಿಯದಿದ್ದರೆ ಗಿಡದ ಗುಣವೂ ತಿಳಿಯದು. ಇನ್ನು ಅಡಿಕೆ ಸಸಿಗಂತೂ ವರ್ಷಕ್ಕೂ ಹೆಚ್ಚು ಕಾಲ ಮಡಿಯಲ್ಲಿ ಆರೈಕೆ ಬೇಕು.

ದೊಡ್ಡ ಬೆಳೆಗಾರರೂ ನಮ್ಮ ಸದಸ್ಯರೇ; ಅವರ ಹಣದಿಂದಲೇ ನರ್ಸರಿಯ ಕೂಲಿ ಬಟವಾಡೆಯಾಗುವುದೂ ಉಂಟು. ಆದರೆ ಅವರೂ ಒಂದು ಲೆಕ್ಕ ಹಾಕಲಿ. 10 ಅಡಿ ಅಂತರದಲ್ಲಿ ರೊಬಸ್ಟಾ ನೆಟ್ಟರೆ ಎಕರೆಗೆ ಸುಮಾರು 435 ಗಿಡ. ಹತ್ತು ಸಾವಿರ ಗಿಡಕ್ಕೆ 23 ಎಕರೆ ಬೇಕು. ಅಷ್ಟಕ್ಕೂ ಗುಂಡಿ, ನೆರಳು, ಆಳು ಒಂದೇ ವಾರದಲ್ಲಿ ಸಿದ್ಧವಾದೀತೆ? ಸಿದ್ಧವಿಲ್ಲದ ತೋಟದ ಬದಿಯಲ್ಲಿ ಗಿಡ ತೊಟ್ಟೆಯಲ್ಲೇ ಉಳಿದರೆ ಬೇರು ತಳದಲ್ಲಿ ಸುರುಳಿ ಸುತ್ತುತ್ತದೆ. ಎರಡು ಮಳೆಗಾಲಕ್ಕೆ ಹಂಚಿ ನೆಡುವುದೇ ಅವರಿಗೂ ಲಾಭ.

ಆದ್ದರಿಂದ ಮಹಾಸಭೆಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತಿದ್ದೇವೆ. ಒಂದು, ಮುಂದಿನ ಮುಂಗಾರಿಗೆ ಬೇಕಾದ ಕಾಫಿ ಗಿಡಗಳನ್ನು ದೀಪಾವಳಿಯೊಳಗೆ ಕಾಲುಭಾಗ ಮುಂಗಡದೊಡನೆ ಬರೆಸಬೇಕು. ಆಗ ಕೊಯ್ಲಿನ ಕಾಲಕ್ಕೆ ಬೀಜ ಗೊತ್ತು ಮಾಡಬಹುದು. ಎರಡು, ಕಾದಿರಿಸಿದ ಪಾತಿಗೆ ಸದಸ್ಯರ ಹೆಸರಿನ ಹಲಗೆ ಹಾಕಬೇಕು. ಆಮೇಲೆ ಕಾರ್ಯದರ್ಶಿ ಹೇಳಿದರೂ ಅದನ್ನು ಮುಟ್ಟಕೂಡದು. ಮೂರು, ತಡವಾಗಿ ಬಂದ ದೊಡ್ಡ ಬೇಡಿಕೆಗೆ ಮಿಕ್ಕಷ್ಟು ಗಿಡ ಈ ವರ್ಷ, ಉಳಿದದ್ದು ಮುಂದಿನ ವರ್ಷ. ನಾಲ್ಕು, ಹೊರಗಿನ ಗಿಡ ತರಲೇಬೇಕಾದರೆ ಬೀಜದ ಮೂಲ ಕೇಳಿ, ಅಲ್ಲಲ್ಲಿ ಒಂದೊಂದು ತೊಟ್ಟೆ ಹರಿದು ಬೇರು ತೊಳೆದು ನೋಡಿ, “ಹೊರಗಿನದು” ಎಂದು ಬರೆದೇ ಮಾರಬೇಕು.

ಹೊರನಾಡಿನ ಅಮ್ಮನವರ ಸನ್ನಿಧಿಯಲ್ಲಿ ಎಷ್ಟು ಜನ ಬಂದರೂ ಊಟವುಂಟು. ಇನ್ನೊಂದು ಹಂಡೆ ಅನ್ನಕ್ಕೆ ಒಲೆ ಹಚ್ಚಿದರಾಯಿತು. ಗಿಡವನ್ನು ಹಾಗೆ ಬೇಯಿಸಿ ಬಡಿಸಲಾಗದು. ಈ ವರ್ಷ “ಇಲ್ಲ” ಎಂದರೆ ಬೇಸರ ಒಂದು ಮಳೆಗಾಲದ್ದು. ಕೆಟ್ಟ ಗಿಡ ಕೊಟ್ಟರೆ ನಷ್ಟ ಒಂದು ತಲೆಮಾರಿನದು. ಸದಸ್ಯರು ಯೋಚಿಸಿ, ಮಹಾಸಭೆಗೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.